ಅಂಗಳಕ್ಕೆ ಬಂದರೆ ಬರಲಿ

ಪ್ರೀತಿಯ ಮಗಾ,

ನಿನ್ನ ಕಾಗದ ಮುಟ್ಟಿತು. ಫೋನ್ ರಿಂಗಾದರೆ ಸಾಕು ಎದೆ ಡವಡವ ಅನ್ನುತ್ತದೆ, ಅದಕ್ಕೇ ಕಾಗದ ಬರೆದೆ ಅಂದಿದ್ದೀಯ. ಒಳ್ಳೆಯದೇ ಆಯ್ತು. ನನಗೂ ಫೋನಿನಲ್ಲಿ ಉದ್ದಕ್ಕೆ ಮಾತಾಡಲು ಬರುವುದಿಲ್ಲ, ಕಿವಿ ಬೇರೆ ಮೊದಲಿನ ಹಾಗೆ ಕೇಳುವುದಿಲ್ಲ.

ಇಂಟರ್ನೆಟ್ಟಿನ ಡೋಂಗಲ್ ವಾಪಸ್ ಕೊಟ್ಟ ಮೇಲೂ ಬಿಲ್ಲು ಬರುತ್ತಲೇ ಇದ್ದ ಕತೆ ನೀನು ಮೊದಲಿಂದ ಬರೆಯಬೇಕಾಗಿರಲಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಬಿಲ್ಲು ದಂಡ, ಬಡ್ಡಿ ಎಲ್ಲ ಸೇರಿ 11,000 ರೂಪಾಯಿಗೆ ಏರಿದೆ, ವಸೂಲಿಯವರು ಫೋನ್ ಮಾಡಿ ಕಾಡುತ್ತಾರೆ ಅಂತ ಓದಿದಾಗಲೂ ನನಗೆ ಅಂಥ ಗಾಬರಿ ಆಗಲಿಲ್ಲ. ಕೊನೆಯ ಪುಟದ ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದ ಒಂದು ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. ‘ಮಾವ, ಅವರ ಹತ್ತಿರ ಕುಟುಂಬದ ಮನೆಯ ವಿಳಾಸ ಉಂಟು. ದೈವದ ನೇಮದ ದಿನ ಎಲ್ಲರೂ ಸೇರಿರುವಾಗ ಬಂದು, ಚಪ್ಪರದ ಅಡಿಯಲ್ಲಿ ನಿಂತು ನನ್ನ ಹೆಸರು ಕೂಗಿದರೆ?’

ನಿನ್ನ ಅಮ್ಮನಿಗೆ ಈ ಸಾಲು ತೋರಿಸಿಲ್ಲ. ತೋರಿಸಿದರೆ ನಗಬಹುದು, ಅಳಲೂಬಹುದು, ಅವಳದು ಹೇಳಲಿಕ್ಕಾಗುವುದಿಲ್ಲ. ನನಗೆ ನಗು ಬರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಇಷ್ಟು ಕೇಳು. ಅವರು ಬರುವುದಿಲ್ಲ. ನಿನಗೆ ಫೋನ್ ಮಾಡುವವರು ಫೋನ್ ಕಂಪನಿಯವರೇ ಅಲ್ಲ. ವರ್ಷಗಟ್ಟಲೆ ಬಾಕಿ ಉಳಿದ ಬಿಲ್ಲುಗಳನ್ನೆಲ್ಲ ಒಟ್ಟು ಮಾಡಿ ಕಂಪನಿ ವಸೂಲಿ ಏಜೆನ್ಸಿಗೆ ಕೊಡುತ್ತದೆ. ವಸೂಲಾದದ್ದರಲ್ಲಿ ಏಜೆನ್ಸಿಗೆ ಕಮಿಷನ್. ಅಲ್ಲಿ ಕೂತ ಹುಡುಗನ ಮುಂದೆ ಒಂದು ಪಟ್ಟಿ ಇರುತ್ತದೆ. ಹೆಸರು, ನಂಬರ್, ವಿಳಾಸ, ಮೊತ್ತ, ಅಷ್ಟೇ. ನೀನು ಮಣಿಪಾಲದ ಅಂಗಡಿಗೆ ಹೋಗಿ ಡೋಂಗಲ್ ವಾಪಸ್ ಕೊಟ್ಟದ್ದಾಗಲಿ, ಕನೆಕ್ಷನ್ ನಿಲ್ಲಿಸಿ ಅಂತ ಮೇಲ್ ಮಾಡಿದ್ದಾಗಲಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಹಾಗಾಗಿ ನೀನು ಅರ್ಧ ಗಂಟೆ ವಿವರಿಸಿದರೂ ಅವನಿಗೆ ಅದು ಬೇಡ. ನೀನು ಹೆದರಿದ್ದೀಯಾ ಇಲ್ವಾ ಅನ್ನುವುದು ಮಾತ್ರ ಬೇಕು. 11,000 ರೂಪಾಯಿಗೋಸ್ಕರ ಎಲ್ಲಿಂದಲೋ ಹೊರಟು, ಕಾಪುವಿನಲ್ಲಿ ಬಸ್ಸಿಳಿದು, ರಿಕ್ಷಾ ಹಿಡಿದು, ಗದ್ದೆ ಬದಿಯ ದಾರಿಯಲ್ಲಿ ನಡೆದುಕೊಂಡು ನಮ್ಮ ಅಂಗಳಕ್ಕೆ ಯಾರು ಬರುತ್ತಾರೆ ಹೇಳು? ನಮ್ಮ ಮನೆಗೆ ಬರಲು ನೆಂಟರೇ ದಾರಿ ತಪ್ಪುತ್ತಾರೆ.

ಆದರೆ ಇಷ್ಟು ಹೇಳಿದರೆ ನಿನ್ನ ಹೆದರಿಕೆ ಹೋಗುವುದಿಲ್ಲ ಅಂತ ನನಗೆ ಗೊತ್ತು. ನನ್ನದೇ ಹೋಗಿಲ್ಲ.

ನಿನ್ನ ಅಮ್ಮ ಆಗ ತೊಟ್ಟಿಲ ಮಗು, ಅವಳಿಗೆ ಇದು ಗೊತ್ತಿಲ್ಲ. ಚಾವಡಿಯಲ್ಲಿ ಫೋಟೋ ಉಂಟಲ್ಲ, ನನ್ನ ದೊಡ್ಡ ಮಾವ, ಆಗ ಮನೆಯ ಯಜಮಾನಿಕೆ ಅವರದು. ನೇಮದ ಸಂಜೆ. ಚಪ್ಪರಕ್ಕೆ ತೆಂಗಿನ ಎಳೆ ಗರಿಯ ಸಿರಿ ಕಟ್ಟಿ ಆಗಿತ್ತು. ದೈವ ಕಟ್ಟುವವರು ಬಣ್ಣ ಹಚ್ಚಲು ಕೂತಿದ್ದರು. ಹೆಂಗಸರು ಒಳಗೆ ಅಡಿಗೆಯಲ್ಲಿ, ಊರಿನವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಆಗ ಪೇಟೆಯ ಜಿನಸಿನ ಅಂಗಡಿಯ ಗುಮಾಸ್ತ ಬಂದ. ಕಂಕುಳಲ್ಲಿ ಕೆಂಪು ಬಟ್ಟೆ ಸುತ್ತಿದ ಲೆಕ್ಕದ ಪುಸ್ತಕ. ಕಾಲಿನ ಚಪ್ಪಲಿ ಬಿಚ್ಚಲಿಲ್ಲ. ಚಪ್ಪರದ ಕಂಬ ಹಿಡಿದುಕೊಂಡು ದೊಡ್ಡ ಮಾವನ ಹೆಸರು, ಬಾಕಿ ಮೊತ್ತ ಎರಡನ್ನೂ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ವಾದ್ಯದವರು ಕೂಡ ತಿರುಗಿ ನೋಡಿದರು.

ದೊಡ್ಡ ಮಾವ ಒಂದು ಮಾತೂ ಆಡಲಿಲ್ಲ. ವಾರದೊಳಗೆ ಕೊಡುತ್ತೇನೆ ಅಂತ ಕೈಸನ್ನೆಯಲ್ಲೇ ಹೇಳಿ ಅವನನ್ನು ಕಳಿಸಿದರು. ಮುಂದಿನ ವಾರ ಕೋಣದ ಜೋಡಿ ಮಾರಿದರು.

ಆ ಲೆಕ್ಕ ಮೊದಲೇ ಕಾಯಿಯಲ್ಲಿ ಚುಕ್ತಾ ಆಗಿತ್ತು ಮಗಾ. ನನಗೆ ಗೊತ್ತಿತ್ತು. ಮಳೆಗಾಲದ ಮೊದಲು ಅದೇ ಅಂಗಡಿಯ ಗಾಡಿಗೆ ತೆಂಗಿನಕಾಯಿ ಎಣಿಸಿ ಹಾಕಿದ್ದು ನಾನು. ಎರಡೆರಡು ಕಾಯಿ ಎತ್ತಿ ಎಣಿಸುವುದು, ನೂರು ತುಂಬಿದಾಗ ಒಂದು ಕಾಯಿ ಬದಿಗಿಡುವುದು, ಕೊನೆಗೆ ಬದಿಗಿಟ್ಟದ್ದನ್ನು ಲೆಕ್ಕ ಹಾಕುವುದು. ಆ ಗುಮಾಸ್ತ ಅಲ್ಲೇ ನಿಂತು ಎಲೆ ಜಗಿಯುತ್ತಾ ನೋಡಿದ್ದ. ‘ಪುಸ್ತಕ ಬಿಚ್ಚು, ಕಾಯಿಯ ಲೆಕ್ಕ ಎಲ್ಲಿ ಬರೆದಿದ್ದೀ ತೋರಿಸು’ ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ದೊಡ್ಡ ಮಾವನಿಗೆ ಆಗ ಲೆಕ್ಕ ಬೇಡವಾಗಿತ್ತು. ಆ ಮನುಷ್ಯ ಒಮ್ಮೆ ಅಂಗಳ ಬಿಟ್ಟು ಹೋದರೆ ಸಾಕಾಗಿತ್ತು. ನನಗೆ 13 ವರ್ಷ. ದೊಡ್ಡವರು ಚಾವಡಿಯಲ್ಲಿ ಕೂತಿರುವಾಗ ಮಕ್ಕಳು ಬಾಯಿ ತೆರೆಯುವ ಕಾಲ ಅದಲ್ಲ. ದೊಡ್ಡವನಾದ ಮೇಲೂ ಅವರ ಹತ್ತಿರ ಆ ಮಾತು ಎತ್ತಲು ಆಗಲಿಲ್ಲ. ಎತ್ತಬೇಕಿತ್ತು ಅಂತ ಈಗ ಅನಿಸುತ್ತದೆ. ಅವರಿಗೂ ಗೊತ್ತಿತ್ತಾ, ಗೊತ್ತಿದ್ದೂ ಕೊಟ್ಟರಾ, ಅದು ಇನ್ನು ತಿಳಿಯುವ ಹಾಗಿಲ್ಲ. ಕೋಣದ ಕೊಟ್ಟಿಗೆಯಲ್ಲಿ ಈಗ ನಿನ್ನ ಅಣ್ಣನ ಬೈಕು ನಿಲ್ಲುತ್ತದೆ.

ಅದಕ್ಕೇ ನಿನ್ನ ಆ ಸಾಲು ಓದಿ ನಗು ಬರಲಿಲ್ಲ. ಯಾರೂ ನಿನಗೆ ಹೇಳದ ವಿಷಯವನ್ನು ನೀನೇ ಹೆದರಿ ಬರೆದ ಹಾಗಿತ್ತು.

ಎಲ್ಲಿಗೋ ಹೋದೆ. ಹೇಳಲು ಹೊರಟದ್ದು ಕಾಗದದ ವಿಷಯ. ಇನ್ನು ಫೋನ್ ಬಂದರೆ ಜಗಳ ಬೇಡ, ಅಳುವುದೂ ಬೇಡ, ಕತೆ ಹೇಳುವುದಂತೂ ಬೇಡವೇ ಬೇಡ. ‘ನೀವು ಯಾವ ಏಜೆನ್ಸಿ, ಕಂಪನಿ ನಿಮಗೆ ಕೊಟ್ಟ ಅಧಿಕಾರ ಪತ್ರ ಎಲ್ಲಿ, ಯಾವ ತಿಂಗಳ ಬಿಲ್ಲು, ಅದರ ಪ್ರತಿ ಈಮೇಲಿಗೆ ಕಳಿಸಿ’ ಅಂತ ಹೇಳಿ ಫೋನ್ ಇಡು. ‘ಈ ಬಿಲ್ಲು ತಕರಾರಿನಲ್ಲಿದೆ, ನಾನು ಒಪ್ಪಿಲ್ಲ’ ಅಂತ ಒಂದು ಸಾಲು ಸೇರಿಸು. ಹೌದು ಬಾಕಿ ಉಂಟು, ಮುಂದಿನ ತಿಂಗಳು ನೋಡುವ ಅಂತ ಮಾತ್ರ ಬಾಯಿ ತಪ್ಪಿಯೂ ಬರಬಾರದು. ನೀನು ಯಾರಿಗೂ ಇಲ್ಲ ಅನ್ನಲಾರದವಳು, ಅದಕ್ಕೇ ಹೇಳುತ್ತಿದ್ದೇನೆ.

ಇಲ್ಲಿ ನಮ್ಮ ಪರಿಚಯದ ವಕೀಲರನ್ನು ಕೇಳಿದೆ. ನಿನ್ನ ಹೆಸರು ಹೇಳಲಿಲ್ಲ, ಗೆಳೆಯನ ಮಗಳು ಅಂದೆ. ಅವರು ನಕ್ಕದ್ದು ನೋಡಿದರೆ ಗೊತ್ತಾಗಿರಬೇಕು. ಅವರು ಹೇಳಿದ್ದು, 1963ರ ಕಾಲಮಿತಿ ಕಾಯ್ದೆ ಅಂತ ಒಂದು ಉಂಟು. ಇಂಥ ಬಾಕಿ ವಸೂಲಿಗೆ ಕೋರ್ಟಿಗೆ ಹೋಗಬೇಕಾದರೆ 3 ವರ್ಷದೊಳಗೆ ಹೋಗಬೇಕು. ನಿನ್ನ ಬಿಲ್ಲು 2016ರದ್ದು. ಲೆಕ್ಕ ನೀನೇ ಹಾಕು. ಅವಧಿ ಮುಗಿದ ಮೇಲೆ ಅವರು ಫೋನ್ ಮಾಡಿ ಕೇಳಬಹುದು, ಆದರೆ ದಾವಾ ಹಾಕಿದರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಾಗಂತ ಪೂರ್ತಿ ಬೀಗಬೇಡ. ತೀರಿಸುತ್ತೇನೆ ಅಂತ ನೀನು ಬರೆದು ಸಹಿ ಹಾಕಿ ಕೊಟ್ಟರೆ ಸತ್ತ ಬಾಕಿಗೆ ಮತ್ತೆ ಜೀವ ಬರುತ್ತದೆ. ‘ಮೇಡಂ, 500 ರೂಪಾಯಿ ಹಾಕಿ, ಈ ಫಾರ್ಮಿಗೆ ಒಂದು ಸೈನ್ ಮಾಡಿ, ಫೈಲ್ ಕ್ಲೋಸ್ ಮಾಡುತ್ತೇವೆ’ ಅಂತ ಸಿಹಿಯಾಗಿ ಮಾತಾಡುವವನು ಕೂಗುವವನಿಗಿಂತ ಅಪಾಯ. ಮತ್ತೊಂದು ವಿಷಯ ಅವರು ಹೇಳಿದ್ದು ನನಗೆ ಅಷ್ಟು ಹಿಡಿಸಲಿಲ್ಲ, ಆದರೂ ಬರೆಯುತ್ತೇನೆ. ಅವಧಿ ನಿನಗೂ ಉಂಟು. ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷ. ಆಗಲೇ ಹೋಗಿದ್ದರೆ ಆಗುತ್ತಿತ್ತು. ಆದರೆ ಆಗ ಫೋನ್ ಬಿಲ್ಲಿನ ತಕರಾರು ಅಲ್ಲಿ ನಡೆಯುವುದಿಲ್ಲ ಅಂತಲೇ ಹೇಳುತ್ತಿದ್ದರಂತೆ, ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ ಖಡಕ್ಕಾಗಿ ಹೇಳಿದ್ದು 2022ರಲ್ಲಿ. ಆದ್ದರಿಂದ ನಿನ್ನನ್ನು ನೀನು ಬೈದುಕೊಳ್ಳಬೇಡ.

ಜೈಲಿನ ವಿಷಯ. ವಾಟ್ಸಾಪಿನಲ್ಲಿ ಬಂದ ಆ ‘ವಾರಂಟ್’ ನಿನ್ನ ಅಣ್ಣ ದೊಡ್ಡದು ಮಾಡಿ ತೋರಿಸಿದ. ಕನ್ನಡಕ ಹಾಕಿ ನೋಡಿದೆ. ಮೇಲೆ ಅಶೋಕ ಸ್ತಂಭ, ಕೆಳಗೆ ಅಶೋಕ ಸ್ತಂಭ, ನಡುವೆ ತಕ್ಕಡಿ. ಕೇಸ್ ನಂಬರ್ ಇಲ್ಲ, ಕೋರ್ಟಿನ ಊರು ಇಲ್ಲ. ನಿನ್ನ ಹೆಸರಿನ ಅಕ್ಷರವೇ ಮಸುಕು ಮಸುಕು, ಯಾರದೋ ಹೆಸರು ಅಳಿಸಿ ನಿನ್ನದು ಕೂರಿಸಿದ ಹಾಗೆ. ಬಿಲ್ಲು ಕಟ್ಟದ್ದು ಸಿವಿಲ್ ವಿಷಯ, ಅದಕ್ಕೆ ಪೊಲೀಸರು ಬಂದು ಎಳೆದುಕೊಂಡು ಹೋಗುವುದಿಲ್ಲ. ಚೆಕ್ ಬೌನ್ಸ್ ಆದರೆ ಬೇರೆ, ನೀನು ಚೆಕ್ ಕೊಟ್ಟಿಲ್ಲ ಅಲ್ವಾ? ಕೈಯಲ್ಲಿ ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಸಾಲಗಾರನನ್ನು ಜೈಲಿಗೆ ಹಾಕುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿ ಆಗಿದೆ. ನಿಜವಾದ ಸಮನ್ಸ್ ಆದರೆ ಕೋರ್ಟಿನ ಅಮೀನ ತರುತ್ತಾನೆ, ಇಲ್ಲವೇ ಅಂಚೆಯಲ್ಲಿ ಬರುತ್ತದೆ, ಕೇಸ್ ನಂಬರ್ ಇರುತ್ತದೆ, ಆ ನಂಬರ್ ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಸಿಗುತ್ತದೆ. ಅಂಥದ್ದು ಬಂದರೆ ಮಾತ್ರ ಸುಮ್ನೆ ಕೂರಬೇಡ, ಆ ದಿನವೇ ನನಗೆ ಹೇಳು. ಹೋಗದೆ ಇದ್ದರೆ ಅವರು ಹೇಳಿದ್ದೇ ಆಗಿಬಿಡುತ್ತದೆ.

ನಿನ್ನ ಕಾಗದದಲ್ಲಿ ಇನ್ನೊಂದು ಮಾತು ಬರೆದು ಕಾಟು ಹಾಕಿದ್ದೀಯ, ಆದರೂ ಓದಲು ಆಗುತ್ತದೆ. ‘ರಸೀದಿ ತಗೊಳ್ಳಲಿಲ್ಲ, ನನ್ನದೂ ತಪ್ಪೇನೋ.’ ಅದಕ್ಕೆ ನಾನು ನಡೆಸುತ್ತಿದ್ದ ಫೋನ್ ಬೂತಿನ ಒಂದು ವಿಷಯ ಹೇಳಬೇಕು. ಎಸ್‌ಟಿಡಿ ಬೂತಿನ ಕತೆ ಅಂದರೆ ನೀವೆಲ್ಲ ಮೆಲ್ಲ ಎದ್ದು ಹೋಗುತ್ತೀರಿ, ಇದು ಕಾಗದ, ಎದ್ದು ಹೋಗಲು ಆಗುವುದಿಲ್ಲ.

ರಾತ್ರಿ ದರ ಇಳಿಯುವ ಹೊತ್ತಿಗೆ ಬೂತಿನ ಎದುರು ಬೆಂಚು ತುಂಬುತ್ತಿತ್ತು. ಜಾಸ್ತಿ ಜನ ಬೊಂಬಾಯಿಗೆ ಮಾಡುವವರು. ಗಂಡನೋ ಮಗನೋ ಅಲ್ಲಿ ಹೋಟೆಲಿನಲ್ಲಿ. ಒಬ್ಬರು ಅಜ್ಜಿ ಇದ್ದರು, ತಿಂಗಳಿಗೊಮ್ಮೆ ಬರುವವರು. ಒಮ್ಮೆ ನಾನು 022 ಒತ್ತಿ ಲೈನ್ ಸಿಕ್ಕಿಸಿ ಕೊಟ್ಟೆ. ಆ ಕಡೆ ಹೋಟೆಲಿನ ಕ್ಯಾಶಿಯರ್ ಎತ್ತಿದ, ‘ಕರೆಯುತ್ತೇನೆ ಇರಿ’ ಅಂತ ಫೋನ್ ಮೇಜಿನ ಮೇಲಿಟ್ಟು ಹೋದ. ಅಜ್ಜಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾರೆ. ಒಳಗೆ ದೋಸೆ ಕಲ್ಲಿನ ಶಬ್ದ ಕೇಳುತ್ತದೆ, ಮಗನ ಸ್ವರ ಇಲ್ಲ. ನನ್ನ ಮೀಟರಿನ ಕೆಂಪು ಅಂಕೆ ಓಡುತ್ತಾ ಉಂಟು. ಮಗ ಬರಲೇ ಇಲ್ಲ. ಲೈನ್ ಕಟ್ಟಾಯಿತು. ಚೀಟಿ ಹರಿದು ಕೊಟ್ಟೆ. ‘ಒಂದು ಮಾತೂ ಆಡಲಿಲ್ಲ, ದುಡ್ಡು ಎಂಥದಕ್ಕೆ?’ ಅಂತ ಕೇಳಿದರು. ಮೀಟರ್ ಸರಿ ಇತ್ತು. ಅಜ್ಜಿ ಹೇಳಿದ್ದೂ ಸರಿಯೇ. ಅವರು ಸೆರಗಿನ ಗಂಟು ಬಿಚ್ಚಿ ಕೊಟ್ಟರು, ನಾನು ತಗೊಂಡೆ, ಅಲ್ಲಿ ಎಕ್ಸ್‌ಚೇಂಜಿನಲ್ಲೂ ಒಂದು ಮೀಟರ್ ಓಡಿರುತ್ತದಲ್ಲ. ನಿನ್ನ ಬಿಲ್ಲೂ ಆ ಜಾತಿಯದೇ. ಡೋಂಗಲ್ ಕೊಟ್ಟವಳು ನೀನು, ಆದರೆ ಎಲ್ಲಿಯೋ ಒಂದು ಕಂಪ್ಯೂಟರಿಗೆ ಯಾರೂ ಹೇಳಲಿಲ್ಲ, ಅದು ತಿಂಗಳು ತಿಂಗಳು ಬಾಡಿಗೆ ಬರೆಯುತ್ತಾ ಹೋಯಿತು. ತಕರಾರು ಅಂದ ಕೂಡಲೇ ಯಾರಾದರೂ ಒಬ್ಬರು ಕಳ್ಳರಾಗಬೇಕಾಗಿಲ್ಲ. ನೀನಂತೂ ಅಲ್ಲ.

ಬೂತಿನಲ್ಲಿ ನಾನೂ ಬಾಕಿ ಬರೆಯುತ್ತಿದ್ದೆ. ಚೀಟಿಗಳನ್ನೆಲ್ಲ ಸರಿಗೆಗೆ ಚುಚ್ಚಿ ನೇತು ಹಾಕುತ್ತಿದ್ದೆ. ಚೀಟಿ ಇದ್ದವರ ಹತ್ತಿರ ನಾನು ಸ್ವರ ಏರಿಸಬೇಕಾಗಿ ಬಂದದ್ದೇ ಇಲ್ಲ. ಚೀಟಿ ಕಳೆದುಹೋದಾಗ ಮಾತ್ರ ನನ್ನ ಸ್ವರ ದೊಡ್ಡದಾಗುತ್ತಿತ್ತು. ಆಮೇಲೆ 2003ರ ಮೇ ತಿಂಗಳಿಂದ ಮೊಬೈಲಿಗೆ ಒಳಗೆ ಬರುವ ಕರೆ ಫ್ರೀ ಆಯಿತು, ಎಲ್ಲರ ಕೈಗೂ ಮೊಬೈಲ್ ಬಂತು, ಬೆಂಚು ಖಾಲಿಯಾಯಿತು. ಎಷ್ಟೋ ಬಾಕಿ ಹಾಗೇ ಹೋಯಿತು. ಕೇಳಲು ಯಾರ ಅಂಗಳಕ್ಕೂ ಹೋಗಲಿಲ್ಲ. ಒಳ್ಳೆಯತನ ಅಂತ ತಿಳಿಯಬೇಡ, ಹೋಗಲು ಕಾಲು ಏಳುತ್ತಿರಲಿಲ್ಲ. ನಾನೂ ಚಪ್ಪರದ ಕಂಬ ಹಿಡಿದು ನಿಂತವನ ಹಾಗೆ ಕಂಡರೆ ಅಂತ.

ಈಗ ನಿನ್ನ ಹತ್ತಿರ ಏನೆಲ್ಲ ಉಂಟು ಹುಡುಕು. ಕಾಲೇಜಿನ ಹಳೇ ಈಮೇಲ್ ತೆರೆಯಲು ಆಗುತ್ತದಾ? ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್‌ನವರು 2012ರಲ್ಲಿ ಮಾಡಿದ ನಿಯಮದಲ್ಲಿ, ದೂರು ಕೊಟ್ಟರೆ ಕಂಪನಿ ಒಂದು ಡಾಕೆಟ್ ನಂಬರ್ ಕೊಡಬೇಕು ಅಂತ ಉಂಟು. ಅದರಲ್ಲಿ ಸಮಾಧಾನ ಆಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಆ ನಂಬರ್ ಎಲ್ಲಿಯಾದರೂ ಮೆಸೇಜಿನಲ್ಲಿ ಸಿಕ್ಕಿದರೆ ದೊಡ್ಡ ಉಪಕಾರ. ಸಿಗದಿದ್ದರೂ ಅಡ್ಡಿ ಇಲ್ಲ, ಈಗ ಹೊಸದಾಗಿ ಕಂಪನಿಗೇ ನೇರ ಒಂದು ಈಮೇಲ್ ಹಾಕು. ಏಜೆನ್ಸಿಗೆ ಅಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿ ನೋಡಬಹುದು. ಪ್ರಯೋಜನ ಆಗಿಯೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ತಾರೀಕು ಇರುವ ಒಂದು ಕಾಗದ ನಿನ್ನ ಕಡೆ ಹುಟ್ಟುತ್ತದೆ.

ಎಲ್ಲರ ಸಾಲ, ಬಾಕಿಯ ದಾಖಲೆ ಇಡುವ ಸಿಬಿಲ್ ಬಗ್ಗೆ ನೀನು ಹೆದರಿದ್ದರಲ್ಲಿ ಮಾತ್ರ ಸ್ವಲ್ಪ ಅರ್ಥ ಉಂಟು. ಕೆಲವು ಫೋನ್ ಕಂಪನಿಗಳೂ ಬಾಕಿಯನ್ನು ಅಲ್ಲಿ ಹಾಕುತ್ತವಂತೆ. ಅಂಥ ಸಂಸ್ಥೆ ನಮ್ಮಲ್ಲಿ ಒಟ್ಟು 4, ಒಂದೊಂದರಿಂದಲೂ ವರ್ಷಕ್ಕೆ ಒಂದು ಪೂರ್ತಿ ವರದಿ ಬಿಟ್ಟಿ ಸಿಗುತ್ತದೆ. ಸುಮ್ನೆ ಊಹಿಸಿಕೊಂಡು ಕೂರುವ ಬದಲು ತೆಗೆದು ನೋಡು. ಅಲ್ಲಿ ಈ ಬಾಕಿ ಇದ್ದರೆ ತಪ್ಪು ಅಂತ ತಕರಾರು ಹಾಕು, 30 ದಿನದಲ್ಲಿ ವಿಲೇವಾರಿ ಮಾಡಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2024ರಿಂದ ಜಾರಿಗೆ ತಂದಿದೆ. ಇದು ನಿನ್ನ ಅಣ್ಣ ಹೇಳಿದ್ದು, ಅವನು ಬ್ಯಾಂಕಿನಲ್ಲಿ ಇರುವುದರಿಂದ ನಂಬುತ್ತೇನೆ. ಬೆಳಿಗ್ಗೆ 8ಕ್ಕೆ ಮೊದಲು, ರಾತ್ರಿ 7ರ ನಂತರ ವಸೂಲಿಯವರು ಫೋನ್ ಮಾಡಬಾರದು ಅನ್ನುವುದೂ ಉಂಟು, ಆದರೆ ಅದು ಬ್ಯಾಂಕ್, ಫೈನಾನ್ಸಿನವರಿಗೆ. ಫೋನ್ ಕಂಪನಿಯವರ ಏಜೆಂಟನಿಗೆ ಅದನ್ನು ಹೇಳಿದರೆ ‘ನಮಗಲ್ಲ’ ಅಂತಾನೆ. ಆ ವಾದಕ್ಕೆ ಇಳಿಯಬೇಡ.

ಸಿಮ್ ಬದಲಿಸುತ್ತೇನೆ ಅಂದದ್ದು ಬೇಡ. ಬ್ಯಾಂಕು, ಆಧಾರ್ ಎಲ್ಲ ಅದಕ್ಕೇ ಜೋಡಿಸಿದ್ದು. ಇವರ ಕಾಟಕ್ಕೆ ನೀನು ನಾಲ್ಕು ಆಫೀಸು ಅಲೆಯುವುದು ಯಾಕೆ? ಬ್ಲಾಕ್ ಮಾಡುತ್ತಾ ಹೋಗು, ಮೆಸೇಜ್ ಒಂದನ್ನೂ ಅಳಿಸಬೇಡ.

ಮನೆಯವರಿಗೆಲ್ಲ ಫೋನ್ ಮಾಡುತ್ತೇವೆ ಅಂದಿದ್ದಾನಂತೆ. ಮಾಡಲಿ. ನಿನ್ನ ಚಿಕ್ಕಮ್ಮನಿಗೆ ಮಾಡಿದರೆ ಅವನಿಗೇ ಪಶ್ಚಾತ್ತಾಪ ಆಗುತ್ತದೆ, ಅವಳು ಫೋನ್ ಇಡಲು ಬಿಡುವವಳಲ್ಲ. ತಮಾಷೆ ಬಿಡು. ಬೆದರಿಕೆ ಹಾಕಿದರೆ, ಕೆಟ್ಟ ಮಾತಾಡಿದರೆ, ನಿನ್ನ ಫೋಟೋ ಗೀಟೋ ಅಂತ ಏನಾದರೂ ಹೇಳಿದರೆ ಅದು ಬಿಲ್ಲಿನ ವಿಷಯ ಅಲ್ಲ. ಮಂಗಳೂರಿನಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಉಂಟು, ಅಲ್ಲಿಗೇ ಹೋಗುವ. ಪೊಲೀಸ್ ವೇಷ ಹಾಕಿ ದುಡ್ಡು ಕೇಳುವವರೂ ಇದ್ದಾರಲ್ಲ ಈಗ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಬೇಕು. ನೀನು ಅವರು ಕಳಿಸಿದ ಕ್ಯೂಆರ್‌ಗೆ ಏನೂ ಹಾಕಿಲ್ಲ ತಾನೆ? ಕಾಗದದಲ್ಲಿ ಅದು ಸ್ಪಷ್ಟ ಇಲ್ಲ. ಹಾಕಿದ್ದರೂ ಹೇಳು, ಬೈಯುವುದಿಲ್ಲ.

ಒಂದು ವೇಳೆ ನಿನಗೇ ಸಾಕಾಗಿ, ಕೊಟ್ಟು ಮುಗಿಸುವ ಅಂತ ಅನಿಸಬಹುದು. ನಾನು ಅಡ್ಡ ಬರುವುದಿಲ್ಲ. ನೆಮ್ಮದಿಗೂ ಒಂದು ಬೆಲೆ ಉಂಟು, ನನಗೆ ಗೊತ್ತು. ಆದರೆ ಮೊದಲು ಕಂಪನಿಯಿಂದ ಬರಹದಲ್ಲಿ ತಗೋ, ಇಷ್ಟು ಕೊಟ್ಟರೆ ಪೂರ್ತಿ ಚುಕ್ತಾ, ಬಾಕಿ ಇಲ್ಲ ಅಂತ. ದುಡ್ಡು ಹೋಗುವುದಾದರೂ ಕಂಪನಿಯ ಖಾತೆಗೆ, ಹುಡುಗನ ನಂಬರಿಗೆ ಅಲ್ಲ. ನಾನು ಕೊಡು ಅಂತ ಹೇಳುತ್ತಿಲ್ಲ, ಆಯ್ತಾ? ದೊಡ್ಡ ಮಾವ ಕೊಟ್ಟದ್ದು ನೋಡಿದ ಮೇಲೆ ಆ ಮಾತು ನನ್ನ ಬಾಯಿಂದ ಬರುವುದಿಲ್ಲ.

ಕೆಲವೊಮ್ಮೆ ಲೋಕ ಅದಾಲತ್ ನೋಟಿಸ್ ಕಳಿಸುತ್ತಾರೆ, ಅದರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಸೀಲು ಇರುತ್ತದೆ. ಅದು ಬಂದರೆ ಹೆದರಿ ಕೂರಬೇಡ. ಕರೆದದ್ದು ರಾಜಿಗೆ. ಹೋಗಿ, ನನಗೆ ಒಪ್ಪಿಗೆ ಇಲ್ಲ ಅಂತ ಹೇಳಿ ಬರಬಹುದು, ಯಾರೂ ಬಲವಂತ ಮಾಡುವ ಹಾಗಿಲ್ಲ. ಒಪ್ಪಿ ಸಹಿ ಹಾಕಿದರೆ ಮಾತ್ರ ಮುಗಿಯಿತು, ಅದು ಕೋರ್ಟಿನ ಡಿಕ್ರಿಯ ಹಾಗೆಯೇ, ಮೇಲ್ಮನವಿ ಇಲ್ಲ.

ಮತ್ತೆ ಅಂಗಳದ ವಿಷಯಕ್ಕೇ ಬರುತ್ತೇನೆ, ಕ್ಷಮಿಸು. ನಿನ್ನೆ ಸಂಜೆ ಅಂಗಳದಲ್ಲಿ ಅಡಿಕೆ ಒಟ್ಟು ಮಾಡುತ್ತಾ ಅದನ್ನೇ ಯೋಚಿಸಿದೆ. ಬಂದರು ಅಂತ ಇಟ್ಟುಕೊಳ್ಳುವ. ನೇಮದ ದಿನವೇ ಬಂದರು. ಆಗ ಚಾವಡಿಯಲ್ಲಿ ಕೂತಿರುವುದು ನಾನು. ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ಮನೆಯ ಕ್ರಮ, ಅವನಿಗೂ ಕೊಡುತ್ತೇನೆ. ಕುಡಿದ ಮೇಲೆ ಗುರುತಿನ ಚೀಟಿ ಕೇಳುತ್ತೇನೆ, ಅಧಿಕಾರ ಪತ್ರ ಕೇಳುತ್ತೇನೆ, ಬಿಲ್ಲಿನ ಪ್ರತಿ ಕೇಳುತ್ತೇನೆ. ಹೊರಗೆ ನಿಂತು ಕೂಗಿದರೆ ಕೂಗಲಿ. ಊರಿನವರಿಗೆ ಕೇಳಲಿ. ನಿನ್ನ ಹೆಸರಿಗೆ ಏನೂ ಆಗುವುದಿಲ್ಲ ಮಗಾ. ಈ ಊರಿನಲ್ಲಿ ಸೊಸೈಟಿ ಸಾಲ ಇಲ್ಲದ ಮನೆ ಯಾವುದು ಹೇಳು ನೋಡುವ. ಆಗಿನ ಕಾಲದಲ್ಲೂ ಹಾಗೇ ಇತ್ತು, ವಾದ್ಯದವರು ತಿರುಗಿ ನೋಡಿದ್ದು ಹೌದು, ಆದರೆ ಮರುದಿನ ಯಾರೂ ಅದರ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ. ದೊಡ್ಡ ಮಾವ ಒಬ್ಬರೇ ನೆನಪಿಟ್ಟುಕೊಂಡರು. ಮತ್ತೆ ನಾನು.

ನೇಮಕ್ಕೆ ಬರುವುದಿಲ್ಲ ಅಂತ ಬರೆದಿದ್ದೀಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅವರು ಬರಬಹುದು ಅಂತ ನೀನು ಬರದೆ ಇರುವುದು ಎಲ್ಲಿಯ ನ್ಯಾಯ?

ಈಗ ಮಾಡುವ ಕೆಲಸ. ಹೆಂಗಸರಿಗೆ ಸಂಬಳ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮಂಗಳೂರು ಕೋರ್ಟಿನಲ್ಲೇ ಇರುವುದು, ಫೋನಿನಲ್ಲಾದರೆ 15100. ನೀನು ಒಬ್ಬಳೇ ಹೋಗುವುದಿಲ್ಲ ಅಂತ ನನಗೆ ಗೊತ್ತು, ಹಾಗಾಗಿ ನಾನೇ ಬರುತ್ತೇನೆ. ಈ ವಾರ ಎರಡನೇ ಶನಿವಾರ, ರಜೆ. ಸೋಮವಾರ ಬೆಳಿಗ್ಗೆಯ ಎಕ್ಸ್‌ಪ್ರೆಸ್ ಬಸ್ಸಿಗೆ ಹೊರಟು ಮಂಗಳೂರಿನ ಲಾಲ್‌ಬಾಗಿನಲ್ಲಿ ಇಳಿಯುತ್ತೇನೆ, ನಿನ್ನ ಪಿಜಿಯಿಂದ ಅದು ಹತ್ತಿರ ಅಲ್ವಾ? ಅರ್ಧ ದಿನ ರಜೆ ಸಿಗುತ್ತದಾ ಕೇಳು. ಆ ‘ವಾರಂಟ್’ ಇದೆಯಲ್ಲ, ಅದರ ಪ್ರಿಂಟ್, ಬಂದ ಮೆಸೇಜುಗಳ ಪ್ರಿಂಟ್, ಹಳೇ ಈಮೇಲ್ ಸಿಕ್ಕಿದರೆ ಅದು, ಎಲ್ಲ ಒಂದು ಫೈಲಿಗೆ ಹಾಕಿಡು. ತಾರೀಕಿನ ಪ್ರಕಾರ ಜೋಡಿಸು, ವಕೀಲರಿಗೆ ಅದೇ ಬೇಕಾಗುವುದು.

ನಿನ್ನ ಅಮ್ಮನ ಹತ್ತಿರ ಬ್ಯಾಂಕಿನ ಕೆಲಸಕ್ಕೆ ಮಂಗಳೂರಿಗೆ ಹೋಗುತ್ತೇನೆ ಅಂತ ಹೇಳಿದ್ದೇನೆ. ಅವಳು ಮಿಡಿ ಉಪ್ಪಿನಕಾಯಿ ಕಟ್ಟಿ ಕೊಡುತ್ತಾಳಂತೆ. ಹೋದ ಸಲದ ಭರಣಿ ನಿನ್ನ ಹತ್ತಿರವೇ ಉಳಿದಿದೆ, ತೊಳೆದಿಡು.

ಇತಿ,
ನಿನ್ನ ಮಾವ